ಬೆಕ್ಕು ಹಚ್ಚಿಕೊಳ್ಳುವುದು ಮನೆಯನ್ನೋ, ಮನೆಯವರನ್ನೋ?

ಮೇ ತಿಂಗಳು ಬಂತೆಂದರೆ ದಾವಣಗೆರೆಯ ಬಡಾವಣೆಗಳಲ್ಲಿ ಸಾಮಾನು ತುಂಬಿದ ಟೆಂಪೊಗಳ ಓಡಾಟ ಶುರುವಾಗುತ್ತದೆ. ಮಕ್ಕಳ ಶಾಲೆ ತೆರೆಯುವ ಮೊದಲೇ ಬಾಡಿಗೆ ಮನೆ ಬದಲಿಸಿಬಿಡಬೇಕು. ವಿದ್ಯಾನಗರದವರು ನಿಟುವಳ್ಳಿಗೆ, ವಿನೋಬನಗರದವರು ಶಾಮನೂರು ಕಡೆಗೆ. ಮಂಚ, ಬೀರು, ಸಿಲಿಂಡರ್, ಕೊನೆಗೆ ತುಳಸಿ ಕುಂಡವೂ ಗಾಡಿ ಏರಿದ ಮೇಲೆ ಕಾಂಪೌಂಡಿನ ಮೇಲೆ ಕೂತು ನೋಡುತ್ತಿರುವ ಬೆಕ್ಕಿನ ಮಾತು ಬರುತ್ತದೆ. ಪಕ್ಕದ ಮನೆಯವರ ಸಲಹೆ ಸಿದ್ಧವಾಗಿರುತ್ತದೆ: "ಅದು ಬರಲ್ಲ ಬಿಡ್ರಿ. ನಾಯಿ ಮನುಷ್ಯರನ್ನ ಹಿಡ್ಕಂಡಿರುತ್ತೆ, ಬೆಕ್ಕು ಮನೇನ ಹಿಡ್ಕಂಡಿರುತ್ತೆ. ಹೊಸಬ್ರು ಬಂದ್ರೆ ಅವ್ರು ಹಾಲು ಹಾಕ್ತಾರೆ."

ಈ ಮಾತನ್ನು ನಂಬಿ ಎಷ್ಟೋ ಮನೆಯವರು ಬೆಕ್ಕನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಮನಸ್ಸಿಲ್ಲದೆ, ಅದಕ್ಕೂ ಇದೇ ಒಳ್ಳೆಯದೆಂದು ತಿಳಿದು. ಬೆಂಗಳೂರಿಗೆ ಓದಲು ಹೊರಟ ಮಗ ಅಥವಾ ಮಗಳು ಬೆಕ್ಕನ್ನು ಅಜ್ಜಿಯ ಬಳಿ ಬಿಟ್ಟು ಹೋದಾಗಲೂ ಇದೇ ಪ್ರಶ್ನೆ ಏಳುತ್ತದೆ: ಅದಕ್ಕೆ ನಮ್ಮ ನೆನಪು ಕಾಡುತ್ತದೆಯೇ, ಇಲ್ಲ ಬಟ್ಟಲು ತುಂಬಿದರೆ ಸಾಕೇ? ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಪಕ್ಕದ ಮನೆಯವರ ಮಾತಿನಲ್ಲಿ ಅರ್ಧ ನಿಜವಿದೆ ಎಂದು ಅವರ ಫಲಿತಾಂಶಗಳು ಹೇಳುತ್ತವೆ. ತೊಂದರೆಯಾಗುವುದು ಉಳಿದರ್ಧದಿಂದ.

ಹಚ್ಚಿಕೊಳ್ಳುವುದನ್ನು ಅಳೆಯುವುದು ಹೇಗೆ?

ಪ್ರೀತಿಯನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೆ ಹಚ್ಚಿಕೊಂಡ ಜೀವಿಯ ನಡವಳಿಕೆಯನ್ನು ಗಮನಿಸಬಹುದು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮಕ್ಕಳು ಮತ್ತು ತಾಯಂದಿರನ್ನು ಗಮನಿಸಿ ಬಾಂಧವ್ಯದ ಸಿದ್ಧಾಂತವನ್ನು ರೂಪಿಸಿದರು. ಅವರ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ಅದಕ್ಕೊಂದು ಪರೀಕ್ಷೆ ಕಟ್ಟಿದರು. ಅಪರಿಚಿತ ಕೋಣೆಯಲ್ಲಿ ತಾಯಿ ಮಗುವಿನ ಜೊತೆ ಸ್ವಲ್ಪ ಹೊತ್ತು ಇರುತ್ತಾಳೆ, ಎದ್ದು ಹೊರಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ.

ಇಲ್ಲಿ ನೋಡಬೇಕಾದದ್ದು ತಾಯಿ ಹೋದಾಗಿನ ಅಳುವಿಗಿಂತ ಆಕೆ ಮರಳಿದಾಗಿನ ನಡವಳಿಕೆಯನ್ನು. ಅಂಗನವಾಡಿ ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತರೆ ಇದು ಕಣ್ಣಿಗೆ ಕಾಣುತ್ತದೆ. ಒಂದು ಮಗು ಅಮ್ಮನನ್ನು ಕಂಡು ಓಡಿಬಂದು ಸೆರಗು ಹಿಡಿಯುತ್ತದೆ, ಒಂದು ನಿಮಿಷದಲ್ಲಿ ಸಮಾಧಾನವಾಗಿ ಮತ್ತೆ ಆಟಕ್ಕೆ ಓಡುತ್ತದೆ. ಇನ್ನೊಂದು ಮಗು ಸೆರಗು ಬಿಡುವುದೇ ಇಲ್ಲ, ಎತ್ತಿಕೊಂಡರೂ ಅಳು ನಿಲ್ಲದು. ಮತ್ತೊಂದು ಅಮ್ಮ ಬಂದದ್ದನ್ನು ಕಂಡೂ ಕಾಣದಂತೆ ಮುಖ ತಿರುಗಿಸುತ್ತದೆ. ಮೂರೂ ಮಕ್ಕಳು ಅಮ್ಮನನ್ನು ಹಚ್ಚಿಕೊಂಡಿವೆ. ಆದರೆ ಆಕೆ ಬಂದೇ ಬರುತ್ತಾಳೆ ಎಂಬ ಭರವಸೆ ಗಟ್ಟಿಯಾಗಿರುವುದು ಮೊದಲನೆಯ ಮಗುವಿಗೆ. ಇದಕ್ಕೆ ಸುರಕ್ಷಿತ ಬಾಂಧವ್ಯ ಎಂದು ಹೆಸರು, ಉಳಿದೆರಡಕ್ಕೆ ಅಸುರಕ್ಷಿತ ಬಾಂಧವ್ಯ. ಜನ ಬೆಕ್ಕಿನ ವಿಷಯದಲ್ಲಿ ತಪ್ಪು ತಿಳಿಯುವುದು ಬಹುಪಾಲು ಇಲ್ಲೇ. ಬಾಲ ಬೀಸಿ ಮೈಮೇಲೆ ಹಾರಲಿಲ್ಲ ಎಂದ ಮಾತ್ರಕ್ಕೆ ಅದಕ್ಕೆ ನಮ್ಮ ಪರಿವೆಯೇ ಇಲ್ಲ ಎಂದುಕೊಳ್ಳುತ್ತೇವೆ.

ಬೆಕ್ಕುಗಳನ್ನು ಕೋಣೆಯಲ್ಲಿ ಬಿಟ್ಟು ನೋಡಿದಾಗ

ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಆಲಿಸ್ ಪಾಟರ್ ಮತ್ತು ಡೇನಿಯಲ್ ಮಿಲ್ಸ್ 20 ಬೆಕ್ಕುಗಳ ಮೇಲೆ ಇಂಥದೇ ಪರೀಕ್ಷೆ ನಡೆಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಪರಿಚಿತರು ಎದ್ದು ಹೋದಾಗ ಕೂಗಿದ್ದಕ್ಕಿಂತ ಸಾಕಿದವರು ಹೋದಾಗ ಬೆಕ್ಕುಗಳು ಹೆಚ್ಚು ಕೂಗಿದವು. ಆದರೆ ಧೈರ್ಯಕ್ಕಾಗಿ ಸಾಕಿದವರನ್ನೇ ನೆಚ್ಚಿಕೊಂಡ ಲಕ್ಷಣ ಸ್ಪಷ್ಟವಾಗಿ ಕಾಣಲಿಲ್ಲ. ಬೆಕ್ಕು ಬಹುಮಟ್ಟಿಗೆ ಸ್ವತಂತ್ರ ಪ್ರಾಣಿ, ಮಗು ತಾಯಿಯನ್ನು ನೆಚ್ಚುವ ಹಾಗೆ ಅದು ಮನುಷ್ಯರನ್ನು ನೆಚ್ಚುವುದಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು.

ನಾಲ್ಕು ವರ್ಷದ ಬಳಿಕ, 2019ರಲ್ಲಿ, ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ಮತ್ತು ಸಂಗಡಿಗರ ಫಲಿತಾಂಶ ಬೇರೆ ಮಾತು ಹೇಳಿತು. ಅವರ ಪರೀಕ್ಷೆ ಸರಳವಾಗಿತ್ತು. ಹೊಸ ಕೋಣೆಯಲ್ಲಿ ಬೆಕ್ಕು ತನ್ನವರ ಜೊತೆ ಎರಡು ನಿಮಿಷ, ಒಂಟಿಯಾಗಿ ಎರಡು ನಿಮಿಷ, ಅವರು ಮರಳಿದ ಮೇಲೆ ಮತ್ತೆ ಎರಡು ನಿಮಿಷ. ವರ್ಗೀಕರಿಸಲು ಸಾಧ್ಯವಾದ 70 ಮರಿಗಳಲ್ಲಿ ಶೇ 64.3ರಷ್ಟು ಸುರಕ್ಷಿತ ಬಾಂಧವ್ಯದ ನಡವಳಿಕೆ ತೋರಿದವು. ತನ್ನವರು ಬಂದೊಡನೆ ಬಳಿ ಸಾರಿ, ಮೈ ಸವರಿ, ಮತ್ತೆ ಕೋಣೆಯನ್ನು ನೋಡಲು ಹೊರಟವು. ಉಳಿದವು ಬಿಡದೆ ಅಂಟಿಕೊಂಡವು ಅಥವಾ ದೂರವೇ ಉಳಿದವು. 38 ದೊಡ್ಡ ಬೆಕ್ಕುಗಳಲ್ಲಿ ಸುರಕ್ಷಿತ ಗುಂಪಿನವು ಶೇ 65.8ರಷ್ಟಿದ್ದವು. ಮನುಷ್ಯರ ಮಕ್ಕಳಲ್ಲಿ ಈ ಪ್ರಮಾಣ ಸುಮಾರು ಶೇ 65. ಮರಿಗಳ ಒಂದು ಗುಂಪಿಗೆ ಆರು ವಾರ ತರಬೇತಿ ಕೊಟ್ಟು ನೋಡಿದರೂ ಈ ಪಾಲು ಹೆಚ್ಚೇನೂ ಬದಲಾಗಲಿಲ್ಲ.

ಎರಡು ಅಧ್ಯಯನಗಳು ಎರಡು ದಿಕ್ಕಿಗೆ ಎಳೆಯುವುದೇಕೆ? ಅವು ಕೇಳಿದ ಪ್ರಶ್ನೆಗಳೇ ಬೇರೆ. ಲಿಂಕನ್‌ನವರು ಸಾಕಿದವರನ್ನೂ ಅಪರಿಚಿತರನ್ನೂ ಹೋಲಿಸಿದರು. ಒರೆಗಾನ್‌ನವರ ಪರೀಕ್ಷೆಯಲ್ಲಿ ಅಪರಿಚಿತರು ಇರಲೇ ಇಲ್ಲ. ಅವರು ನೋಡಿದ್ದು ಮರಳಿ ಸೇರಿದ ಕ್ಷಣವನ್ನು. ಹಾಗಾಗಿ ಒಂದು ಇನ್ನೊಂದನ್ನು ಅಳಿಸಿಹಾಕುವುದಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಕಾಣುವುದು ಇಷ್ಟು: ಬೆಕ್ಕು ತನ್ನವರನ್ನು ಬೇರೆಯವರಿಂದ ಬೇರ್ಪಡಿಸಿ ನೋಡುತ್ತದೆ, ಹಲವು ಬೆಕ್ಕುಗಳು ಅವರಿಂದ ನೆಮ್ಮದಿಯನ್ನೂ ಪಡೆಯುತ್ತವೆ, ಆದರೆ ನಾಯಿಯಷ್ಟು ಪೂರ್ತಿಯಾಗಿ ಅವರ ಮೇಲೆ ಒರಗಿಕೊಳ್ಳುವುದಿಲ್ಲ.

ಮನೆಯಲ್ಲೇ ನಡೆಸಿದ ಇನ್ನೊಂದು ಅಧ್ಯಯನ ಸ್ವೀಡನ್ನಿನದು, 2017ರದ್ದು. 14 ಬೆಕ್ಕುಗಳನ್ನು ಒಮ್ಮೆ ಅರ್ಧ ಗಂಟೆ, ಇನ್ನೊಮ್ಮೆ ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು ನೋಡಿದರು. ನಾಲ್ಕು ಗಂಟೆಯ ಬಳಿಕ ಮನೆಯವರು ಬಂದಾಗ ಬೆಕ್ಕುಗಳು ಮಡಿಲಲ್ಲಿ ಕೂತಾಗಿನಂಥ ಗುರ್‌ಗುರ್ ಸದ್ದನ್ನು ಹೆಚ್ಚು ಮಾಡಿದವು, ಹೆಚ್ಚು ಮೈಮುರಿದವು. ಎಷ್ಟು ಹೊತ್ತು ಹೋಗಿದ್ದಿರಿ ಎಂಬುದು ಅವಕ್ಕೆ ಲೆಕ್ಕಕ್ಕಿತ್ತು.

ಮನೆಯ ಮೇಲಿನ ಹಿಡಿತ ಎಲ್ಲಿಂದ ಬಂತು?

ಇಲ್ಲಿ ಪಕ್ಕದ ಮನೆಯವರ ಅರ್ಧ ನಿಜಕ್ಕೆ ಬರೋಣ. ನಮ್ಮ ಸಾಕುಬೆಕ್ಕಿನ ಮೂಲಪುರುಷ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕು. 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಇದನ್ನು ಗಟ್ಟಿಪಡಿಸಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು ಸಿಕ್ಕಿದೆ. ಒಕ್ಕಲುತನ ಶುರುವಾಗಿ ಜನ ಕಾಳು ಕೂಡಿಡತೊಡಗಿದರು, ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ದಾವಣಗೆರೆಯ ಅಕ್ಕಿ ಗಿರಣಿ, ಮೆಕ್ಕೆಜೋಳದ ಗೋದಾಮು, ಮಂಡಕ್ಕಿ ಭಟ್ಟಿಗಳ ಸುತ್ತ ಇವತ್ತು ಬೆಕ್ಕುಗಳು ಓಡಾಡುವುದೂ ಅದೇ ಕಾರಣಕ್ಕೆ.

ನಾಯಿಯ ಪೂರ್ವಜರಾದ ತೋಳಗಳು ಹಿಂಡಿನಲ್ಲಿ ಬೇಟೆಯಾಡುತ್ತವೆ, ಹಿಂಡಿಲ್ಲದೆ ತೋಳಕ್ಕೆ ಬಾಳುವುದು ಕಷ್ಟ. ಆ ಕಾಡುಬೆಕ್ಕು ಒಂಟಿ ಬೇಟೆಗಾರ. ಎಲ್ಲಿ ಇಲಿ, ಎಲ್ಲಿ ನೀರು, ಶತ್ರು ಬಂದರೆ ಯಾವ ಸಂದಿಗೆ ನುಗ್ಗಬೇಕು ಎಂಬ ನೆಲದ ತಿಳಿವೇ ಅದರ ಪ್ರಾಣ ಉಳಿಸುತ್ತದೆ. ಹಾಗಾಗಿ ತನ್ನ ಜಾಗವೆಂದರೆ ಬೆಕ್ಕಿಗೆ ಜೀವ. ಕೆನ್ನೆ, ಗಲ್ಲ, ಬಾಲದ ಬುಡದಲ್ಲಿರುವ ಗ್ರಂಥಿಗಳಿಂದ ಅದು ಬಾಗಿಲ ಚೌಕಟ್ಟಿಗೂ ಮಂಚದ ಕಾಲಿಗೂ ತನ್ನ ವಾಸನೆ ಸವರುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು. ಬೆಕ್ಕಿಗೆ ಮಾತ್ರ ಇಡೀ ಮನೆ ತನ್ನದೆಂದು ಆ ವಾಸನೆಯೇ ಹೇಳುತ್ತಿರುತ್ತದೆ.

ಅದೇ ಕೆನ್ನೆಯನ್ನು ಅದು ನಿಮ್ಮ ಕಾಲಿಗೂ ಉಜ್ಜುತ್ತದೆ. ಬಾಲ ನೆಟ್ಟಗೆ ಎತ್ತಿ ಎದುರು ಬರುತ್ತದೆ. ಮರಿಗಳು ತಾಯಿಯನ್ನು, ಸ್ನೇಹದ ಬೆಕ್ಕುಗಳು ಒಂದನ್ನೊಂದು ಎದುರುಗೊಳ್ಳುವ ರೀತಿಯೇ ಇದು. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾವ್ ಎನ್ನುವುದು ಅಪರೂಪ, ಆ ಕೂಗು ಹೆಚ್ಚಾಗಿ ಮನುಷ್ಯರಿಗೇ ಮೀಸಲು. ಅಂದರೆ ನೀವು ಆ ಮನೆಯ ಗೋಡೆ-ಬಾಗಿಲುಗಳ ಸಾಲಿಗೆ ಸೇರಿದವರಲ್ಲ, ಆ ಜಾಗದಲ್ಲಿರುವ ಅದರ ಬಳಗ.

ಎಲ್ಲ ಬೆಕ್ಕುಗಳೂ ಒಂದೇ ಥರ ಹಚ್ಚಿಕೊಳ್ಳುವುದಿಲ್ಲ. ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗಿನ ಅವಧಿ ತುಂಬ ಮುಖ್ಯ. ಆಗ ಮನುಷ್ಯರ ಕೈಯಲ್ಲಿ ಆಡಿ ಬೆಳೆದ ಮರಿ ಮುಂದೆ ಸಲೀಸಾಗಿ ಮಡಿಲೇರುತ್ತದೆ. ಗೋದಾಮಿನ ಚೀಲಗಳ ಹಿಂದೆ ಹುಟ್ಟಿ ಮೂರು ತಿಂಗಳಾದ ಮೇಲೆ ಮನೆಗೆ ಬಂದದ್ದು ವರ್ಷಗಟ್ಟಲೆ ಎರಡು ಮಾರು ದೂರದಲ್ಲೇ ಕೂರಬಹುದು. ಅದರ ಮಟ್ಟಿಗೆ ಆ ಎರಡು ಮಾರು ಹತ್ತಿರವೇ.

ನಮ್ಮನ್ನು ಅದು ಹೇಗೆ ಗುರುತಿಸುತ್ತದೆ?

ದನಿಯಿಂದ ಮತ್ತು ವಾಸನೆಯಿಂದ. ಜಪಾನಿನ ಅತ್ಸುಕೊ ಸೈತೊ ಮತ್ತು ಕಝುತಾಕ ಶಿನೋಝುಕ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಬೆಕ್ಕುಗಳಿಗೆ ಅಪರಿಚಿತರ ದನಿಗಳನ್ನೂ ಸಾಕಿದವರ ದನಿಯನ್ನೂ ಧ್ವನಿಮುದ್ರಿಸಿ ಕೇಳಿಸಲಾಯಿತು. ತಮ್ಮವರ ದನಿ ಬಂದಾಗ ಕಿವಿ ನಿಮಿರಿತು, ತಲೆ ಹೊರಳಿತು. ಆದರೆ ಬಹುಪಾಲು ಬೆಕ್ಕುಗಳು ಕೂಗಿ ಉತ್ತರ ಕೊಡಲಿಲ್ಲ, ಬಾಲವನ್ನೂ ಆಡಿಸಲಿಲ್ಲ. ಮನೆಯಲ್ಲಿ ಹೆಸರು ಹಿಡಿದು ಕೂಗಿದಾಗ ಕೂತಲ್ಲೇ ಕಿವಿ ತಿರುಗಿಸುವ ಬೆಕ್ಕನ್ನು ಕಂಡವರಿಗೆ ಇದು ಹೊಸದಲ್ಲ. ಅದು ಕೇಳಿಸಿಕೊಂಡಿದೆ, ಕರೆದವರು ಯಾರೆಂದು ತಿಳಿದಿದೆ, ಎದ್ದು ಬಂದಿಲ್ಲ ಅಷ್ಟೆ.

2021ರಲ್ಲಿ ಸಾಹೊ ತಕಾಗಿ ಮತ್ತು ಸಂಗಡಿಗರು ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದರು. ಸಾಕಿದವರ ದನಿಯನ್ನು ಮೊದಲು ಒಂದು ಸ್ಪೀಕರಿನಿಂದ, ಕೂಡಲೇ ದೂರದ ಇನ್ನೊಂದು ಸ್ಪೀಕರಿನಿಂದ ಕೇಳಿಸಿದರು. ಅಷ್ಟು ಬೇಗ ಒಬ್ಬರು ಅಲ್ಲಿಂದ ಇಲ್ಲಿಗೆ ಬರಲು ಸಾಧ್ಯವಿಲ್ಲ. ಬೆಕ್ಕುಗಳು ಬೆಚ್ಚಿ ಸುತ್ತ ನೋಡಿದವು. ಕಣ್ಣಿಗೆ ಕಾಣದಿದ್ದರೂ ಮನೆಯವರು ಎಲ್ಲಿದ್ದಾರೆ ಎಂಬುದನ್ನು ಬೆಕ್ಕು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿರುತ್ತದೆ ಎಂದು ಇದರಿಂದ ತಿಳಿಯಿತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುವ ಅಮ್ಮ, ಮಹಡಿಯಲ್ಲಿ ಓದುತ್ತಿರುವ ಮಗ, ಇಬ್ಬರೂ ನಿದ್ದೆಗಣ್ಣಿನ ಆ ಬೆಕ್ಕಿನ ಲೆಕ್ಕದಲ್ಲಿ ಇದ್ದಾರೆ. ಇಷ್ಟೂ ಸಂಶೋಧನೆಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಇದು.

ವಾಸನೆಯ ಬಗ್ಗೆ 2025ರಲ್ಲಿ ಜಪಾನಿನಿಂದಲೇ ಅಧ್ಯಯನವೊಂದು ಬಂತು. 30 ಬೆಕ್ಕುಗಳು ತಮ್ಮವರ ಮೈವಾಸನೆಗಿಂತ ಅಪರಿಚಿತರ ವಾಸನೆಯನ್ನು ಹೆಚ್ಚು ಹೊತ್ತು ಮೂಸಿದವು. ಗೊತ್ತಿರುವುದನ್ನು ಮತ್ತೆ ಮತ್ತೆ ಮೂಸಬೇಕಿಲ್ಲವಲ್ಲ. ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿದ್ದು ಬಂದ ಮಗನನ್ನು ಬೆಕ್ಕು ಮೊದಲು ದೂರದಿಂದ ನೋಡಿ, ಕೈಯನ್ನೂ ಚೀಲವನ್ನೂ ಉದ್ದಕ್ಕೆ ಮೂಸಿದರೆ "ನನ್ನ ಮರೆತೇಬಿಟ್ಟಿದೆ" ಎಂದು ಅವನು ನೊಂದುಕೊಳ್ಳುವುದುಂಟು. ಸೋಪು, ಊಟ, ಊರು ಬದಲಾಗಿ ಅವನ ವಾಸನೆಯೂ ಬದಲಾಗಿರುತ್ತದೆ. ಎತ್ತಿಕೊಳ್ಳಲು ಆತುರಪಡದೆ ನೆಲದ ಮೇಲೆ ಕೂತು, ಹೆಸರು ಹಿಡಿದು ಮಾತಾಡಿಸುತ್ತ, ಅದು ತಾನಾಗಿ ಹತ್ತಿರ ಬರಲು ಬಿಟ್ಟರೆ ಸಾಕು.

ಅಗಲಿಕೆಯ ನೋವು ಹೇಗೆ ಕಾಣಿಸಿಕೊಳ್ಳುತ್ತದೆ?

ನಾಯಿ ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ, ಬೀದಿಗೆಲ್ಲ ಗೊತ್ತಾಗುತ್ತದೆ. ಬೆಕ್ಕಿನ ಸಂಕಟಕ್ಕೆ ಸದ್ದು ಕಡಿಮೆ. ಒಂಟಿ ಪ್ರಾಣಿ ತನ್ನ ನೋವನ್ನು ತೋರಿಸಿಕೊಂಡರೆ ಶತ್ರುವಿಗೆ ಸುಳಿವು ಕೊಟ್ಟಂತಾಗುತ್ತದೆ. ಬಚ್ಚಿಟ್ಟುಕೊಳ್ಳುವುದು ಅದರ ರಕ್ತದಲ್ಲಿದೆ.

ಬ್ರೆಜಿಲ್‌ನಲ್ಲಿ 223 ಬೆಕ್ಕುಗಳ ಬಗ್ಗೆ ಅವುಗಳ ಮನೆಯವರನ್ನು ಪ್ರಶ್ನಿಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 30 ಬೆಕ್ಕುಗಳು, ಅಂದರೆ ಶೇ 13ರಷ್ಟು, ಒಂಟಿಯಾದಾಗ ತೊಂದರೆಯ ಲಕ್ಷಣ ತೋರಿದ್ದವು. ವಸ್ತುಗಳನ್ನು ಹಾಳುಗೆಡವುವುದು, ಅತಿಯಾಗಿ ಕೂಗುವುದು, ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುವುದು ಹೆಚ್ಚು ಕಂಡವು, ಮಂಕಾಗಿ ಕೂರುವುದೂ ಇತ್ತು. ಆಟಿಕೆಗಳಿಲ್ಲದ, ಬೇರೆ ಸಾಕುಪ್ರಾಣಿ ಇಲ್ಲದ ಮನೆಗಳ ಬೆಕ್ಕುಗಳಲ್ಲಿ ಈ ತೊಂದರೆ ಹೆಚ್ಚಿತ್ತು. ಇದೆಲ್ಲ ಮನೆಯವರು ಹೇಳಿದ್ದು, ಸಂಶೋಧಕರು ಕಣ್ಣಾರೆ ಕಂಡದ್ದಲ್ಲ ಎಂಬುದೂ ನೆನಪಿರಲಿ.

ಈ ಲಕ್ಷಣಗಳಲ್ಲಿ ಒಂದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅದಕ್ಕಾಗಿಯೇ ಹಲವು ಬೆಕ್ಕುಗಳು ಏಟು ತಿನ್ನುತ್ತವೆ, ಚೀಲ ಸೇರಿ ಊರಾಚೆ ಬೀಳುತ್ತವೆ. ಊರಿಂದ ಬಂದು ನೋಡಿದರೆ ಹಾಸಿಗೆಯ ಮೇಲೆ ಉಚ್ಚೆ. "ಬಿಟ್ಟು ಹೋದೆವೆಂದು ಸಿಟ್ಟು ತೀರಿಸಿಕೊಂಡಿದೆ" ಎನ್ನುತ್ತಾರೆ. ಅಮೆರಿಕದ ಪಶುವೈದ್ಯೆ ಸ್ಟೆಫನಿ ಶ್ವಾರ್ಟ್ಜ್ 2002ರಲ್ಲಿ ಅಗಲಿಕೆಯ ಆತಂಕವಿದ್ದ 136 ಬೆಕ್ಕುಗಳ ವಿವರ ಪ್ರಕಟಿಸಿದರು. ಕಂಡಕಂಡಲ್ಲಿ ಉಚ್ಚೆ ಹೊಯ್ಯುತ್ತಿದ್ದವುಗಳ ಪೈಕಿ ಶೇ 75ರಷ್ಟು ಬೆಕ್ಕುಗಳು ಅದಕ್ಕೆ ಆರಿಸಿಕೊಂಡದ್ದು ಮನೆಯವರ ಹಾಸಿಗೆಯನ್ನೇ. ಮನೆಯಲ್ಲಿ ನಿಮ್ಮ ವಾಸನೆ ಅತಿ ದಟ್ಟವಾಗಿರುವ ಜಾಗ ಅದು. ಆತಂಕಗೊಂಡ ಬೆಕ್ಕು ಆ ವಾಸನೆಯ ಜೊತೆ ತನ್ನದನ್ನೂ ಬೆರೆಸಿ ನೆಮ್ಮದಿ ಹುಡುಕುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಅದನ್ನು ಹೊಡೆಯುವುದರಿಂದ ಆತಂಕ ಹೆಚ್ಚುತ್ತದೆ, ಬೇರೇನೂ ಆಗುವುದಿಲ್ಲ.

ಜೊತೆಗಿದ್ದ ಇನ್ನೊಂದು ಪ್ರಾಣಿ ಸತ್ತಾಗಲೂ ಬೆಕ್ಕುಗಳು ಊಟ, ಆಟ, ನಿದ್ದೆ ಕಡಿಮೆ ಮಾಡುತ್ತವೆ ಎಂದು ಮಿಷಿಗನ್‌ನ ಓಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2024ರಲ್ಲಿ ವರದಿ ಮಾಡಿದರು. ಮನೆಯವರು ತಮ್ಮ ದುಃಖವನ್ನೇ ಬೆಕ್ಕಿನಲ್ಲಿ ಕಂಡಿರಬಹುದು ಎಂಬ ಎಚ್ಚರಿಕೆಯನ್ನೂ ಅವರೇ ಸೇರಿಸಿದ್ದಾರೆ.

ಮನೆ ಬದಲಿಸುವಾಗ

ಬೆಕ್ಕು ಜಾಗವನ್ನೂ ಹಚ್ಚಿಕೊಂಡಿರುತ್ತದೆ, ಜನರನ್ನೂ ಹಚ್ಚಿಕೊಂಡಿರುತ್ತದೆ. ಅಲ್ಲೇ ಬಿಟ್ಟು ಹೋದರೆ ಜನ ತಪ್ಪುತ್ತಾರೆ, ಅನ್ನವೂ ತಪ್ಪುತ್ತದೆ. ಜೊತೆಗೆ ಒಯ್ದರೆ ಜಾಗ ತಪ್ಪುತ್ತದೆ. ಆದರೆ ಜಾಗವನ್ನು ಹೊಸದಾಗಿ ಕಟ್ಟಿಕೊಡಲು ಬರುತ್ತದೆ, ಅದಕ್ಕೆ ದಾರಿಯಿದೆ. ಒಯ್ಯುವುದೇ ಸರಿ ಎನ್ನಲು ಇಷ್ಟು ಸಾಕು.

ಸಾಮಾನು ಸಾಗಿಸುವ ದಿನ ಬೆಳಿಗ್ಗೆಯೇ ಬೆಕ್ಕನ್ನು ಒಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ಕೂಲಿಯವರ ಗದ್ದಲ ಶುರುವಾದ ಮೇಲೆ ಅದು ಸಿಗುವುದಿಲ್ಲ. ಗೋಣಿಚೀಲದಲ್ಲಿ ಕಟ್ಟಬೇಡಿ, ದಾವಣಗೆರೆಯ ಮೇ ಬಿಸಿಲಿನಲ್ಲಿ ಉಸಿರುಗಟ್ಟುತ್ತದೆ. ಗಾಳಿಯಾಡುವ ಬುಟ್ಟಿ ಅಥವಾ ಪಂಜರದಲ್ಲಿ, ನೀವು ಹೊದ್ದ ಒಗೆಯದ ಚಾದರ ಹಾಸಿ ಒಯ್ಯಿರಿ. ಹೊಸ ಮನೆಯಲ್ಲಿ ಮೊದಲು ಒಂದೇ ಕೋಣೆ ಅದಕ್ಕೆ ಬಿಟ್ಟುಕೊಡಿ. ಅದರ ಬಟ್ಟಲು, ನೀರು, ಉಚ್ಚೆ-ಹೇಲಿಗೆಂದು ಮಣ್ಣು ತುಂಬಿದ ತಟ್ಟೆ, ಆ ಚಾದರ ಅಲ್ಲಿರಲಿ. ಹಳೆಯ ಹೊತ್ತಿಗೇ ಊಟ ಹಾಕಿ. ಹೆದರಿ ಮಂಚದ ಕೆಳಗೆ ಸೇರಿದರೆ ಎಳೆಯಬೇಡಿ. ಚೌಕಟ್ಟಿಗೆ ಕೆನ್ನೆ ಉಜ್ಜತೊಡಗಿದರೆ ಜಾಗವನ್ನು ತನ್ನದು ಮಾಡಿಕೊಳ್ಳುತ್ತಿದೆ ಎಂದರ್ಥ, ಆಗ ಉಳಿದ ಕೋಣೆಗಳನ್ನು ಒಂದೊಂದಾಗಿ ತೆರೆಯಿರಿ. ಎರಡು ಮೂರು ವಾರ ಹೊರಗೆ ಬಿಡಲೇಬಾರದು. ಹಳೆಯ ಮನೆ ಅದೇ ಊರಿನಲ್ಲಿದ್ದರೆ ಬೆಕ್ಕು ಅಲ್ಲಿಗೇ ಹೊರಟುಬಿಡಬಹುದು, ನಡುವೆ ಪಿ.ಬಿ. ರಸ್ತೆಯಂಥ ರಸ್ತೆ ದಾಟಬೇಕಾಗುತ್ತದೆ. ಹಳೆಯ ಬೀದಿಯವರಿಗೆ ನಿಮ್ಮ ಫೋನ್ ನಂಬರು ಕೊಟ್ಟಿರಿ.

ನಾಲ್ಕು ದಿನ ಚಿತ್ರದುರ್ಗಕ್ಕೋ ಜಗಳೂರಿಗೋ ಹೋಗಿ ಬರುವುದಾದರೆ ಬೆಕ್ಕನ್ನು ಮನೆಯಲ್ಲೇ ಬಿಟ್ಟು, ಪರಿಚಯದವರೊಬ್ಬರು ದಿನಕ್ಕೆ ಎರಡು ಸಲ ಬಂದು ಊಟ ಹಾಕಿ ಸ್ವಲ್ಪ ಹೊತ್ತು ಕೂರುವಂತೆ ಮಾಡುವುದು ಮೇಲು. ಇಲ್ಲಿ ಜಾಗದ ಹಿಡಿತ ನಮ್ಮ ಸಹಾಯಕ್ಕೆ ಬರುತ್ತದೆ. ಶೀಟ್ ಮನೆಯಾದರೆ ಮಾತ್ರ ಕಿಟಕಿ ಮುಚ್ಚಿ ಬೀಗ ಹಾಕಿ ಹೋಗಬೇಡಿ.

ಹಸಿವು, ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಸಾಕಿದ ಬೆಕ್ಕಿಗೂ ಅದು ಅನ್ವಯಿಸುತ್ತದೆ.

ತಪ್ಪಿಸಿಕೊಂಡರೆ

ಕಳೆದುಹೋದ 1,210 ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಿಕ್ಕವುಗಳಲ್ಲಿ ಶೇ 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಬೀದಿಬೀದಿ ಅಲೆಯುವ ಮೊದಲು ಅಕ್ಕಪಕ್ಕದ ಮಹಡಿ ಮೆಟ್ಟಿಲ ಸಂದಿ, ಕಟ್ಟಡದ ಕೆಲಸ ನಿಂತ ಮನೆ, ನಿಂತ ಗಾಡಿಗಳ ಅಡಿ, ಮುಚ್ಚಿದ ಗೋದಾಮು, ನೀರಿನ ತೊಟ್ಟಿಯ ಹಿಂಬದಿ ನೋಡಿ. ಹೆದರಿದ ಬೆಕ್ಕು ನಿಮ್ಮ ದನಿ ಗುರುತಿಸಿದರೂ ಉತ್ತರಿಸದೆ ಕೂತಿರಬಹುದು. ಹಾಗಾಗಿ ಬೀದಿ ಸ್ತಬ್ಧವಾದ ಮೇಲೆ, ರಾತ್ರಿ ಹನ್ನೊಂದರ ನಂತರ, ಅದನ್ನು ಹೆಚ್ಚು ಹಚ್ಚಿಕೊಂಡವರೇ ಹೋಗಿ ಮೆತ್ತಗೆ ಕರೆದು, ಕೆಲವು ನಿಮಿಷ ಸುಮ್ಮನೆ ಕಾಯಬೇಕು. ಟಾರ್ಚ್ ಬಿಟ್ಟರೆ ಕಣ್ಣು ಹೊಳೆಯುತ್ತದೆ.

ಯಾವಾಗ ಪಶು ಆಸ್ಪತ್ರೆಗೆ?

ಅಗಲಿಕೆಯ ಬೇಸರವೆಂದು ಕಾಯುತ್ತ ಕೂರಬಾರದ ಎರಡು ಸಂದರ್ಭಗಳಿವೆ. ಒಂದು, ಬೆಕ್ಕು ಊಟ ಬಿಟ್ಟಾಗ. ನಾಯಿ ಎರಡು ದಿನ ಉಪವಾಸ ತಡೆದುಕೊಂಡೀತು. ಬೆಕ್ಕು, ಅದರಲ್ಲೂ ಮೈತುಂಬಿಕೊಂಡ ಬೆಕ್ಕು, ಕೆಲವು ದಿನ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ, ಜೀವಕ್ಕೇ ಅಪಾಯ. ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಿ, ಎರಡನೆಯ ದಿನಕ್ಕೆ ಬಿಡಬೇಡಿ.

ಇನ್ನೊಂದು, ಉಚ್ಚೆಯ ತೊಂದರೆ. ಮನಸ್ಸಿನ ಒತ್ತಡ ಬೆಕ್ಕಿನ ಮೂತ್ರಕೋಶದಲ್ಲಿ ಉರಿಯೂತ ಎಬ್ಬಿಸಬಲ್ಲದು. ಹಾಸಿಗೆಯ ಮೇಲಿನ ಉಚ್ಚೆ ಆತಂಕದಿಂದಲೋ ಕಾಯಿಲೆಯಿಂದಲೋ ಎಂದು ಮೊದಲು ಪರೀಕ್ಷೆ ಮಾಡಿಸಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ಉಚ್ಚೆಗೆ ಕೂತು ತಿಣುಕಿದರೂ ಹನಿಯೂ ಬರುತ್ತಿಲ್ಲವೆಂದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಅದು ಒಂದೆರಡು ದಿನದಲ್ಲೇ ಪ್ರಾಣ ತೆಗೆಯುತ್ತದೆ. ಭಾನುವಾರವಾದರೂ, ನಡುರಾತ್ರಿಯಾದರೂ ಆಗಲೇ ವೈದ್ಯರನ್ನು ಹುಡುಕಿ ಹೊರಡಬೇಕು.